ಹಿರೋಡೆಯ ಮರಳ ಸಾಲು

ಹೊಳೆ ದಾಟಿದ್ದು

ಶ್ರೀರಂಗಪಟ್ಟಣಕ್ಕೆ ರಂಗನಾಥನ ದರ್ಶನಕ್ಕೆ ಹೋಗಿಬರುತ್ತೇನೆ ಎಂದು ಗುತ್ತಲದಲ್ಲಿ ಎಲ್ಲರಿಗೂ ಹೇಳಿ ಹೊರಟೆ. ಓಣಿಯವರು ಅರಿಸಿನ ಕುಂಕುಮದ ಪೊಟ್ಟಣ ಕೊಟ್ಟು, ತಮ್ಮ ಹೆಸರಿನಲ್ಲೂ ಒಂದು ನಮಸ್ಕಾರ ಹಾಕೆಂದರು. ನಿಜವಾದ ಕಾರಣ ಗೊತ್ತಿದ್ದದ್ದು ನನ್ನ ಹೆಂಡತಿ ಗಂಗವ್ವನೊಬ್ಬಳಿಗೆ. ನಾನು ಓದು ಕಲಿಯಲು ಹೋಗುತ್ತಿದ್ದೆ. ಇಬ್ಬರು ಮಕ್ಕಳ ತಂದೆಯಾಗಿ, ಮೀಸೆಯಲ್ಲಿ ಬಿಳಿ ಕೂದಲು ಕಂಡ ಮೇಲೆ.

ಊರಿನವರಿಗೆ ಇದನ್ನು ಕೇಳಿ ನಗು ಬಂದೀತು. ಸುತ್ತಲಿನ ಮಠಗಳಿಗೂ ದೇಸಾಯರಿಗೂ ತಾಮ್ರದ ಹಲಗೆಯ ಮೇಲೆ ದಾನಪತ್ರ ಕೆತ್ತಿಕೊಡುವುದು ನಮ್ಮ ಮನೆತನದ ಕೆಲಸ. ಅಕ್ಷರದಿಂದಲೇ ಅನ್ನ ಉಂಡವರು ನಾವು. ಆದರೆ ಓದು ನಮ್ಮಪ್ಪನಿಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಬಲ್ಲವರು ಹಲಗೆಯ ಮೇಲೆ ಮಸಿಯಲ್ಲಿ ಬರೆದುಕೊಡುತ್ತಿದ್ದರು, ನಾವು ಆ ಗೆರೆಯ ಮೇಲೇ ಉಳಿ ಓಡಿಸುತ್ತಿದ್ದೆವು, ಬಳ್ಳಿ ಕೆತ್ತಿದ ಹಾಗೆ, ನವಿಲು ಕೆತ್ತಿದ ಹಾಗೆ. ಆ ವರ್ಷ ಒಂದು ಮಠದ ಹಲಗೆ ಬಂತು. ಬರೆದವನು ಎಲ್ಲೋ ಒಂದು ಮಾತು ತಪ್ಪಿ, ಅದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಮಾತು ಬರೆದಿದ್ದನಂತೆ. ನಾನು ತಪ್ಪು ಮಾತನ್ನೂ ಕೆತ್ತಿದೆ, ಅಡ್ಡಗೆರೆಯನ್ನೂ ಕೆತ್ತಿದೆ. ಚೆಂದಕ್ಕಿರಲಿ ಎಂದು ಅಡ್ಡಗೆರೆಯ ಎರಡು ತುದಿಗೂ ಒಂದೊಂದು ಮೊಗ್ಗು ಬಿಡಿಸಿದೆ. ತುಂಬಿದ ಸಭೆಯಲ್ಲಿ ಅದನ್ನು ಓದಿದಾಗ ಎಲ್ಲರೂ ನಕ್ಕರು. ಏನೆಂದು ತಿಳಿಯದೆ ನಾನೂ ಅವರ ಜೊತೆ ನಕ್ಕೆ. ಆಮೇಲೆ ಯಾರೋ ಕಿವಿಯಲ್ಲಿ ಹೇಳಿದರು.

ಊರಲ್ಲೇ ಕಲಿಯಬಹುದಿತ್ತು. ಆದರೆ ಅಲ್ಲಿ ಓದು ಕಲಿಸುವ ಅಯ್ಯನವರ ಮುಂದೆ ಕೂರುವವರು ಆ ಸಭೆಯಲ್ಲಿ ನಕ್ಕವರ ಮಕ್ಕಳು. ಅದಕ್ಕೇ ತುಂಗಭದ್ರೆ ದಾಟಿ, ಪೇಶ್ವೆಯ ಸೀಮೆ ಬಿಟ್ಟು ಸುಲ್ತಾನರ ಸೀಮೆಗೆ, ನನ್ನ ಮುಖ ಕಂಡವರಿಲ್ಲದ ಪರದೇಶಕ್ಕೆ ಹೊರಟೆ. ಹಿಂದಿನ ಯುದ್ಧ ಮುಗಿದು ದಾರಿಗಳು ತೆರೆದಿದ್ದವು. ಮುಂದಿನದು ಇನ್ನೂ ಶುರುವಾಗಿರಲಿಲ್ಲ.

ನಾಗಮಂಗಲ

ನಾಗಮಂಗಲದಲ್ಲಿ ನಮ್ಮ ಕುಲದವರಿದ್ದಾರೆ, ಕಂಚಿನ ವಿಗ್ರಹ ಎರಕ ಹೊಯ್ಯುವವರು. ದೂರದ ನೆಂಟಸ್ತಿಕೆ ಹೇಳಿಕೊಂಡು ವೀರಾಚಾರಿ ಎಂಬ ಹಿರಿಯರ ಮನೆಗೆ ಹೋದೆ. ಕಾಲಿಗೆ ನೀರು ಕೊಟ್ಟು ಊಟಕ್ಕೆ ಕೂರಿಸಿದರು. ಎಲೆಯ ಮೇಲೆ ರಾಗಿಯ ಮುದ್ದೆ ಬಂತು. ನಾನು ಜೋಳದ ರೊಟ್ಟಿಯವನು, ಮುರಿದು ಬಾಯಿಗಿಟ್ಟು ಅಗಿದೆ. ಅಗಿದಷ್ಟೂ ಅದು ಹಲ್ಲಿಗೆ ಮೆತ್ತಿಕೊಂಡು ಬಾಯಿ ತುಂಬ ಬೆಳೆಯಿತು. ಹೆಂಗಸರು ಬಾಗಿಲ ಮರೆಗೆ ಹೋಗಿ ನಕ್ಕರು. ಇಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ.

ಇವರ ಮಾತೂ ಹಾಗೇ, ಅರ್ಧ ನುಂಗಿದ ಮಾತು. ನಾವು ಹಂಗ, ಹಿಂಗ ಎಂದರೆ ಅವರು ಅಂಗೆ, ಇಂಗೆ ಎನ್ನುತ್ತಾರೆ. ನಮ್ಮ ಹಣ್ಣು ಅವರಿಗೆ ಅಣ್ಣು, ನಮ್ಮ ಹಾಲು ಅವರಿಗೆ ಆಲು. ನಾನು ಮಾತಾಡಿದರೆ ಅವರಿಗೆ ಪ್ರತಿ ಮಾತಿಗೂ ಉಸಿರು ಬಿಟ್ಟಂತೆ ಕೇಳುತ್ತಿತ್ತೋ ಏನೋ, ಹುಡುಗಿಯರು ನನ್ನಂತೆಯೇ ಆಡಿ ಅಣಕಿಸುತ್ತಿದ್ದರು.

ಯಾವ ಊರಿನ ಅಯ್ಯನವರು ದೊಡ್ಡವರಿಗೂ ಕಲಿಸುತ್ತಾರೆ ಎಂದು ವೀರಾಚಾರಿಯನ್ನು ಮೆಲ್ಲಗೆ ಕೇಳಬೇಕೆಂದಿದ್ದೆ. ಕೇಳುವ ಮುಂಚೆಯೇ ಅವರು ನನ್ನ ಕೆಲಸ ಏನೆಂದು ಕೇಳಿದರು. ಅಕ್ಷರ ಕೆತ್ತುವವನು ಎಂದೆ. ಅವರ ಮುಖ ಅರಳಿತು. ಒಳಗೆ ಹೋಗಿ ತಮ್ಮ ಹಿರಿಯರ ಕಾಲದ ತಾಮ್ರದ ಪಟವೊಂದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದು, ಇದರಲ್ಲಿ ಏನಿದೆ ಎಂದು ಓದಿ ಹೇಳಬೇಕು, ನಮ್ಮ ಪುಣ್ಯಕ್ಕೆ ನೀವು ಬಂದಿರಿ ಎಂದರು. ಮನೆಮಂದಿಯೆಲ್ಲ ಸುತ್ತ ಕೂತರು. ನಾನು ಪಟವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ಕೆತ್ತನೆ ಚೆನ್ನಾಗಿದೆ ಎಂದೆ. ಆಮೇಲೆ ದಾರಿಯ ಧೂಳಿಗೆ ಕಣ್ಣು ಉರಿಯುತ್ತಿದೆ ಎಂದೆ.

ಅವರು ಅದನ್ನೂ ನಂಬಿದರು. ವೀರಾಚಾರಿಯ ಹೆಂಡತಿ ಹಿತ್ತಲಿಂದ ನಂದಿಬಟ್ಟಲ ಹೂ ತಂದು ಅರೆದು, ಅದಕ್ಕೆ ಇನ್ನೇನೋ ಸೇರಿಸಿ, ನನ್ನನ್ನು ಮಲಗಿಸಿ, ಚೆನ್ನಾಗಿದ್ದ ನನ್ನ ಎರಡು ಕಣ್ಣಿಗೂ ಹಿಂಡಿದರು. ನಿಜವಾಗಿಯೂ ಉರಿಯಿತು. ಕಣ್ಣೀರು ಸುರಿಯುತ್ತಿದ್ದರೆ ಆ ತಾಯಿ ಸೆರಗಿನಿಂದ ಒರೆಸುತ್ತ, ವಾಸಿ ಆಯ್ತದೆ ಬುಡಪ್ಪ, ನಾಳೆ ಓದೀವಂತೆ ಎಂದು ಸಮಾಧಾನ ಹೇಳಿದರು. ಅಷ್ಟು ಒಳ್ಳೆಯವರ ಮನೆಯಿಂದ ಮರುದಿನ ಬೆಳಗಾಗುತ್ತಲೇ ಸುಳ್ಳು ಹೇಳಿ ಹೊರಟೆ.

ಅತ್ತಿಕುಪ್ಪೆ

ಅತ್ತಿಕುಪ್ಪೆಯಲ್ಲಿ ಒಂದು ಜಗಲಿಯ ಮೇಲೆ ಮಕ್ಕಳ ಕೂಗು ಕೇಳಿ ನಿಂತೆ. ನಮ್ಮ ಕಡೆ ಅಯ್ಯನವರು ಹೇಳಿಕೊಡುತ್ತಾರೆ, ಎಲ್ಲರೂ ಒಟ್ಟಿಗೆ ಒಪ್ಪಿಸುತ್ತಾರೆ. ಇಲ್ಲಿ ಅಯ್ಯನವರು ಗೋಡೆಗೊರಗಿ ನಾಲ್ಕೈದು ದೊಡ್ಡ ಹುಡುಗರೊಂದಿಗೆ ಮಾತ್ರ ಮಾತಾಡುತ್ತಿದ್ದರು. ಆ ಹುಡುಗರು ಎದ್ದು ಹೋಗಿ ತಮಗಿಂತ ಚಿಕ್ಕವರಿಗೆ ಹೇಳಿದರು. ಆ ಚಿಕ್ಕವರು ಇನ್ನೂ ಚಿಕ್ಕವರಿಗೆ. ಎಲ್ಲಕ್ಕಿಂತ ಕೆಳಗೆ, ನೆಲದ ಮೇಲೆ ಹರಡಿದ ಮರಳಲ್ಲಿ ಬೆರಳಿಂದ ತಿದ್ದುವ ಪುಟಾಣಿಗಳು. ಈ ಸೀಮೆಯಲ್ಲಿ ಬಹುಪಾಲು ಕಡೆ ಹೀಗೇ ಎಂದು ಆಮೇಲೆ ತಿಳಿಯಿತು. ಪಾಠ ಮೇಲಿಂದ ಕೆಳಕ್ಕೆ ಗದ್ದೆಯ ನೀರಿನಂತೆ ಇಳಿದು ಬರುತ್ತದೆ.

ನಾನು ಬಹಳ ಹೊತ್ತು ನಿಂತದ್ದನ್ನು ಕಂಡು ಅಯ್ಯನವರು ಕರೆದರು. ಮಗನನ್ನ ಸೇರಿಸ್ಬೇಕಾ, ಮಗ ಎಲ್ಲವ್ನೆ ಎಂದು ಕೇಳಿದರು. ಸೇರಬೇಕಾದವನು ನಾನೇ ಎಂದು ಹೇಳಲು ಬಾಯಿ ತೆರೆದೆ. ಮರಳಿನ ಮಕ್ಕಳೆಲ್ಲ ಬೆರಳೆತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಹಿಂದೆ ಬರ್ತಾ ಇದ್ದಾನ್ರಿ ಎಂದೆ. ಅವನನ್ನು ಕರೆತರುವವನಂತೆ ತಿರುಗಿ ನಡೆದು, ಊರು ದಾಟುವವರೆಗೂ ನಿಲ್ಲಲಿಲ್ಲ.

ಹಿರೋಡೆ

ಅಂಥದೇ ಇನ್ನೊಂದು ಜಗಲಿ ಹಿರೋಡೆಯ ಗುಡಿಯಲ್ಲಿದೆ ಎಂದು ಕೇಳಿದ್ದೆ. ಹಿರೋಡೆಗೆ ದಾರಿ ಕೇಳಿದರೆ ಯಾರಿಗೂ ತಿಳಿಯಲಿಲ್ಲ. ಈರೋಡೆ ಎಂದ ಮೇಲೆ ಎಲ್ಲರೂ ಕೈ ತೋರಿಸಿದರು. ಊರ ಹೊರಗಿನ ದೊಡ್ಡ ಬಂಡೆಗಳ ಬಳಿ ಸುಲ್ತಾನರ ಕೆಲಸಕ್ಕೆ ಬಂದ ಫ್ರೆಂಚರ ದಂಡು ಇಳಿದಿತ್ತು. ಕೆಂಪು ಮುಖದವರು ಬಿಸಿಲಲ್ಲಿ ಬರಿಮೈಯಲ್ಲಿ ಕೂತು ತಮ್ಮ ಅಂಗಿ ತಾವೇ ಒಗೆಯುತ್ತಿದ್ದರು. ಇಷ್ಟು ದೂರ ಬಂದೂ ಅವರಿಗೆ ನಾಚಿಕೆಯಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಅದೇ ಹುಮ್ಮಸ್ಸಿನಲ್ಲಿ ಗುಡಿಯ ಜಗಲಿಗೆ ಹೋಗಿ ಅಯ್ಯನವರ ಕಾಲಿಗೆ ಬಿದ್ದು, ನನಗ ಓದಾಕ ಬರೂದಿಲ್ರಿ, ಕಲಸ್ರಿ ಎಂದುಬಿಟ್ಟೆ. ಮುದುಕರು ನಗಲಿಲ್ಲ. ಮರಳ ಸಾಲಿಗೆ ಹೋಗು, ಚಿಕ್ಕಣ್ಣ ಹೇಳಿಕೊಡ್ತಾನೆ ಎಂದರು. ಒಳಗೆ ಕೂರಿಸಿ ತಾವೇ ಕಲಿಸುತ್ತಾರೆಂದು ಎಣಿಸಿದ್ದೆ. ಕೇಳಿಯೂ ನೋಡಿದೆ. ಇಲ್ಲಿ ಯಾರೂ ನನ್ನಿಂದ ಕಲಿಯುವುದಿಲ್ಲ, ಮುಂದಿನವನಿಂದ ಕಲಿಯುತ್ತಾರೆ, ನಿನಗೆ ಮುಂದಿನವನು ಅವನೇ ಎಂದರು.

ಚಿಕ್ಕಣ್ಣ ಗಾಣದವರ ಮನೆಯ ಹುಡುಗ. ನನ್ನ ಸೊಂಟಕ್ಕೆ ಬರುತ್ತಿದ್ದ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಸಾಲಿನಲ್ಲಿ ಹೇಳಿಕೊಡುವವನು ಕಲಿಯುವವನನ್ನು ಲಾ ಎನ್ನುವುದು ಅಲ್ಲಿನ ರೂಢಿ. ಅವನು ನನ್ನ ಬೆರಳು ಹಿಡಿದು ಮರಳಲ್ಲಿ ಎಳೆದು, “ಅಂಗಲ್ಲ ಕಣ್ಲಾ, ಇಂಗೆ” ಎಂದ. ಸಂತೆಗೆ ಹೋಗುವ ಹೆಂಗಸರು ನಿಂತು ನೋಡಿದರು. ನನ್ನ ಕಿವಿ ಬಿಸಿಯಾಯಿತು. ಮಂಡಿ ಮಡಚಿ ಕೂತ ನಾನು ಇಬ್ಬರು ಮಕ್ಕಳ ಜಾಗ ಹಿಡಿದಿದ್ದೆ. ಪಕ್ಕದ ಹುಡುಗಿ ಸರಿದು ಕೂತ್ಕೊ ಎಂದು ಮೊಣಕೈಯಿಂದ ತಿವಿದಳು.

ಕಷ್ಟ ಬೇರೆ ಕಡೆ ಇತ್ತು. ಚಿಕ್ಕಣ್ಣ ಬರೆದ ಅಕ್ಷರವನ್ನು ನಾನು ಅವನಿಗಿಂತ ಚೆನ್ನಾಗಿ ಬರೆದೆ. ಉಳಿ ಹಿಡಿದ ಕೈ, ಗೆರೆ ತಾನಾಗಿ ಬರುತ್ತಿತ್ತು. ಗೊತ್ತಿದ್ದೂ ತಮಾಷೆ ಮಾಡುತ್ತಿದ್ದೇನೆಂದು ಅವನಿಗೆ ಅನಿಸಿ ಕಣ್ಣಲ್ಲಿ ನೀರು ಬಂತು. ಇದು ಏನೆಂದು ಕೇಳಿದ. ಗೊತ್ತಿಲ್ಲ ಎಂದೆ. ಗೊತ್ತಿಲ್ಲದ ಮೇಲೆ ಬರೆದದ್ದು ಎಂಗೆ ಎಂದ.

ಆದರೂ ದಿನ ಕಳೆದಂತೆ ಹೊಂದಿಕೊಂಡೆವು. ಅವನು ಹೆಸರು ಹೇಳುವನು, ನಾನು ಕೂಗುವೆನು. ಬೆಳಗಿನ ಹೊತ್ತು ಕಂಚುಗಾರರ ಅಂಗಡಿಯಲ್ಲಿ ಚೊಂಬಿಗೆ ಬಳ್ಳಿ ಕೆತ್ತಿ ಊಟ ಗಿಟ್ಟಿಸಿಕೊಂಡು, ಆಮೇಲೆ ಮರಳಿಗೆ ಬರುತ್ತಿದ್ದೆ. ಕೊನೆಗೆ ಅಕ್ಷರಮಾಲೆ ಮುಗಿಯಿತು. ಅದರಲ್ಲಿ ಅ ಎಂಬ ಅಕ್ಷರ ಎರಡಿತ್ತು, ಮೊದಲಲ್ಲೊಂದು, ಕೊನೆಯ ಹತ್ತಿರ ಒಂದು. ಆಕಾರ ಬೇರೆ, ಹೆಸರು ಒಂದೇ. ಯಾಕೆಂದು ಕೇಳಲಿಲ್ಲ. ಹೇಳಿದ್ದನ್ನು ಕಲಿಯುವುದು ನನ್ನ ಕೆಲಸ.

ಅಷ್ಟರಲ್ಲಿ ನನ್ನ ಬರಹದ ಚೆಂದ ನೋಡಲು ಮೇಲಿನ ಸಾಲಿನ ದೊಡ್ಡ ಹುಡುಗರು ಬರತೊಡಗಿದರು. ಇಷ್ಟು ದಿನ ತಲೆ ಬಗ್ಗಿಸಿ ಕೂತವನಿಗೆ ಅದು ಹಿತವಾಯಿತು. ಒಂದು ದಿನ ಅವರ ಮುಂದೆ, ಊರಲ್ಲಿ ಕೆತ್ತಿದ ಹಲಗೆಯೊಂದರ ಸಾಲುಗಳನ್ನು ನೆನಪಿನಿಂದಲೇ ಮರಳಿನ ಉದ್ದಕ್ಕೂ ಬರೆದೆ. ಹುಡುಗರು ಅದನ್ನು ಗಟ್ಟಿಯಾಗಿ ಓದಿದರು. ಸೂರ್ಯಚಂದ್ರರು ಇರುವ ತನಕ ಈ ಭೂಮಿ ಎಂದು ಏನೋ ಇತ್ತು, ಯಾವುದೋ ದೇಸಾಯಿಯ ಹೆಸರೂ ಇತ್ತು. ನನಗೂ ಅದು ಹೊಸ ಸುದ್ದಿಯೇ.

ಮಾತು ಸಂತೆಗೆ ಹೋಯಿತು. ಪೇಶ್ವೆಯ ಸೀಮೆಯಿಂದ ಬಂದವನು, ಓದಲು ಬಾರದೆಂದು ಹೇಳಿಕೊಂಡು ಮಕ್ಕಳ ನಡುವೆ ಕೂತಿದ್ದಾನೆ, ದಾನಪತ್ರವನ್ನು ಬಾಯಿಪಾಠದಂತೆ ಬರೆಯುತ್ತಾನೆ, ಪಕ್ಕದಲ್ಲೇ ಫ್ರೆಂಚರ ದಂಡಿದೆ, ಬೇಹುಗಾರನೇ ಇರಬೇಕು ಎಂದು. ಎರಡು ದಿನಕ್ಕೆ ಖಾದರ್ ಸಾಬಿ ಎಂಬ ಸಿಪಾಯಿ ಹಗ್ಗ ತಂದ. ಮಕ್ಕಳೆದುರು ನನ್ನ ಕೈ ಕಟ್ಟಿ, “ಚಲೋ, ಸೀದಾ ಮುಂದೆ ನೋಡ್ಕೊಂಡು ನಡಿ” ಎಂದ. ಬೇಹುಗಾರನಲ್ಲ ಎಂದು ಹೇಳಬಹುದಿತ್ತು. ಆದರೆ ಅದಕ್ಕೆ ನಾನು ಬರೆದದ್ದನ್ನೇ ಓದಲಾರದ ದಡ್ಡ ಎಂದು ಹೇಳಬೇಕಾಗಿತ್ತಲ್ಲ, ಅದು ಬಾಯಿಗೆ ಬರಲಿಲ್ಲ.

ಶ್ರೀರಂಗಪಟ್ಟಣ

ದರ್ಶನಕ್ಕೆ ಹೋಗುತ್ತೇನೆಂದು ಹೇಳಿ ಹೊರಟ ಊರಿಗೆ ಕೈ ಕಟ್ಟಿಸಿಕೊಂಡು ಬಂದೆ. ಹಿಂದಿನ ಯುದ್ಧದಲ್ಲಿ ಕಡಿದ ತೋಟದ ಮೋಟುಗಳು ಹೊಳೆಯಂಚಿಗೆ ಮತ್ತೆ ಚಿಗುರಿದ್ದವು. ಕೋಟೆಯ ಗೋಡೆಗೆ ಕಲ್ಲು ಹೊರುವವರು ನಿಂತು ನನ್ನನ್ನು ನೋಡಿದರು. ರಂಗನಾಥನ ಗೋಪುರ ಕಂಡಿತು. ಕೈ ಮುಗಿಯಲು ಆಗಲಿಲ್ಲ.

ಕಚೇರಿಯಲ್ಲಿ ಒಬ್ಬ ಮುನ್ಷಿ ಕೂತಿದ್ದರು, ವಯಸ್ಸಾದವರು, ಕನ್ನಡವೂ ಫಾರಸಿಯೂ ಬಲ್ಲವರು. ಅಯ್ಯನವರು ಚಿಕ್ಕಣ್ಣನನ್ನು ಕರೆದುಕೊಂಡು ಹಿಂದೆಯೇ ಬಂದಿದ್ದರು. ಇವನಿಗೆ ಏನೇನು ಬರುತ್ತದೆ ಎಂಬುದು ಕಲಿಸಿದವನಿಗೇ ಗೊತ್ತು, ಕೇಳಿ ಎಂದು ಹುಡುಗನನ್ನು ಮುಂದೆ ಬಿಟ್ಟರು. ಚಿಕ್ಕಣ್ಣ ಹೆದರಿದ್ದ, ಆದರೂ ಹೇಳಿದ. “ಒಂಟಿ ಅಕ್ಷರ ಎಲ್ಲ ಬತ್ತವೆ. ಕೊಂಬು, ದೀರ್ಘ ನಾನಿನ್ನೂ ಹೇಳ್ಕೊಟ್ಟಿಲ್ಲ. ಕೂಡಿಸಿ ಓದಾಕೆ ಬರಾಕಿಲ್ಲ.”

ಮುನ್ಷಿ ಕರಿ ಹಲಗೆ ತೆಗೆದುಕೊಂಡು ಬಳಪದಿಂದ ಒಂದು ಸಾಲು ಬರೆದು ನನ್ನ ಮುಂದೆ ಹಿಡಿದರು. ಸುತ್ತಲಿದ್ದವರು ಹಲಗೆಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. ನಾನು ಬಗ್ಗಿ ನೋಡಿದೆ. ನನಗಾದ ಸಂತೋಷ ಹೇಳಲಾರೆ. ಅಲ್ಲಿದ್ದ ಒಂದೊಂದು ಅಕ್ಷರವೂ ನನ್ನ ಗುರುತಿನದಾಗಿತ್ತು. ಬಾಲಗಳು, ಕೊಂಬುಗಳು ಅಲ್ಲಲ್ಲಿ ಇದ್ದವು, ಅವನ್ನು ಬಿಟ್ಟು ಮರಳ ಸಾಲಿನಲ್ಲಿ ಕೂಗುವ ಹಾಗೆಯೇ ಗಟ್ಟಿಯಾಗಿ ಕೂಗಿದೆ. “ಇ. ವ. ನ. ತ. ಲ. ಅ. ಡ. ಯ. ರ.” ಎಲ್ಲಿಯೂ ತಡೆಯಲಿಲ್ಲ. ಮುಗಿಸಿ, ಹೇಗೆ ಎಂಬಂತೆ ನಗುತ್ತ ಚಿಕ್ಕಣ್ಣನ ಕಡೆ ನೋಡಿದೆ.

ಅವನು ಅಳುತ್ತಿದ್ದ. ಅವನಿಗೆ ಕೂಡಿಸಿ ಓದಲು ಬರುತ್ತಿತ್ತು.

ಮುನ್ಷಿ ಹಲಗೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಮೆಲ್ಲಗೆ ಓದಿದರು. ಇವನ ತಲೆ ಹೊಡೆಯಿರಿ.

ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ತನ್ನ ತಲೆ ಹೊಡೆಯುವ ಮಾತನ್ನು ಹಲ್ಲು ಬಿಟ್ಟುಕೊಂಡು ಒಪ್ಪಿಸಿದವನನ್ನು ಕಂಡರೆ ನಗದೆ ಇನ್ನೇನು ಮಾಡುತ್ತಾರೆ. ಮುನ್ಷಿ ಮಾತ್ರ ನಗದೆ, ಆರನೆಯ ಅಕ್ಷರದ ಮೇಲೆ ಬೆರಳಿಟ್ಟು ಇದು ಏನೆಂದು ಮತ್ತೆ ಕೇಳಿದರು. ಅ ಎಂದೆ. “ನಿಮ್ಮ ಸೀಮೆಯವರು ಇದನ್ನು ಹ ಅನ್ನುತ್ತಾರೆ. ನೀನು ಅಲ್ಲಿ ಓದು ಕಲಿತವನಾಗಿದ್ದರೆ ಸಾಯುವಾಗಲೂ ಹ ಅನ್ನುತ್ತಿದ್ದೆ. ಅ ಎಂದು ಹೇಳಿಕೊಟ್ಟವರು ಯಾರು?”

ಚಿಕ್ಕಣ್ಣ ತಲೆ ತಗ್ಗಿಸಿ, ನಾನು ಎಂದ.

ಆಗ ಮತ್ತೊಮ್ಮೆ ನಗು ಎದ್ದಿತು, ಈ ಸಲ ಹುಡುಗನ ಮೇಲೆ. ಗುರುವಿಗೇ ಬಾರದಂತೆ ಎಂದ ಒಬ್ಬ ಗುಮಾಸ್ತ. ನನ್ನ ಕೈ ಬಿಚ್ಚಿದರು, ಹೋಗು ಎಂದರು. ಜೀವ ಉಳಿದದ್ದು ಆ ತಪ್ಪು ಅಕ್ಷರದಿಂದ. ಅದನ್ನು ಕೊಟ್ಟವನು ಕಚೇರಿಯ ಮೂಲೆಯಲ್ಲಿ ಮುಂಗೈಯಿಂದ ಮೂಗು ಒರೆಸಿಕೊಳ್ಳುತ್ತ ನಿಂತಿದ್ದ. ಮಠದ ಸಭೆಯಲ್ಲೂ, ನಾಗಮಂಗಲದಲ್ಲೂ ನಾಚಿದ್ದೆ. ಅದೆಲ್ಲ ನನ್ನ ಪಾಲಿನದು, ಸಹಿಸಬಹುದಿತ್ತು. ನನ್ನಿಂದಾಗಿ ಒಬ್ಬ ಹುಡುಗ ನಾಲ್ಕು ಜನರ ಮುಂದೆ ಸಣ್ಣವನಾದದ್ದನ್ನು ನೋಡಲು ಆಗಲಿಲ್ಲ.

ಗುಡಿಗೆ ಹೋಗಿ, ಸೊಂಟದ ಚೀಲದಲ್ಲೇ ಉಳಿದಿದ್ದ ಓಣಿಯವರ ಪೊಟ್ಟಣಗಳನ್ನು ಒಪ್ಪಿಸಿ ಅವರವರ ಹೆಸರಲ್ಲಿ ನಮಸ್ಕಾರ ಹಾಕಿದೆ. ದೇವರನ್ನು ಕಣ್ಣೆತ್ತಿ ನೋಡಲಿಲ್ಲ. ನನ್ನ ಹೆಸರಲ್ಲಿ ಹಾಕುವುದು ಮರೆತೇಹೋಯಿತು.

ಮತ್ತೆ ಹಿರೋಡೆ

ಹೊಳೆ ದಾಟುವ ತನಕ ಚಿಕ್ಕಣ್ಣ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ಅಯ್ಯನವರು ಬೇಕೆಂದೇ ಹಿಂದೆ ಉಳಿದು ನಿಧಾನಕ್ಕೆ ಬರುತ್ತಿದ್ದರು. ಮರಳು ದಂಡೆ ಹತ್ತಿದ ಮೇಲೆ ಹುಡುಗ ತಾನಾಗಿಯೇ ನಿಂತ.

“ಅದನ್ನ ನಿಮ್ಮೂರಲ್ಲಿ ಎಂಗಂತಾರೆ?”

ಹ ಎಂದೆ. ಅವನು ಅ ಎಂದ. ಅವನ ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದು, ಮೊದಲು ಅ ಎಂದೆ, ಆಮೇಲೆ ಹ ಎಂದೆ. ಎರಡನೆಯದಕ್ಕೆ ಕೈಗೆ ಗಾಳಿ ತಾಗುತ್ತದೆ ನೋಡು ಎಂದೆ. ಅವನು ತನ್ನ ಅಂಗೈಗೆ ತಾನೇ ಊದಿಕೊಳ್ಳುತ್ತ ನಡೆದ. ಬಿದ್ದ ಹಲ್ಲುಗಳ ಸಂದಿಯಿಂದ ಗಾಳಿ ಎಲ್ಲೆಲ್ಲೋ ಹೋಗುತ್ತಿತ್ತು. ಬಂಡೆಗಳು ಕಾಣುವ ಹೊತ್ತಿಗೆ ಒಂದು ಸಲ ಸರಿಯಾಗಿ ಬಂತು. ನನ್ನ ಮುಖ ನೋಡಿದ. ಹೂಂ, ಅದೇ ಎಂದೆ. ಮರುದಿನ ಮರಳ ಸಾಲಿನ ಮಕ್ಕಳೆಲ್ಲ ಅಂಗೈಗೆ ಊದಿಕೊಳ್ಳುತ್ತ ಕೂತಿದ್ದರು. ಚಿಕ್ಕಣ್ಣ ಸಾಲಿನುದ್ದಕ್ಕೂ ಓಡಾಡಿ ಒಬ್ಬೊಬ್ಬರ ಬಾಯಿಗೂ ಕೈ ಹಿಡಿದು ನೋಡುತ್ತಿದ್ದ.

ಮಳೆಗಾಲ ಕಳೆಯುವವರೆಗೆ ಅಲ್ಲಿದ್ದೆ. ಕೊಂಬು, ದೀರ್ಘ, ಒತ್ತು ಎಲ್ಲವನ್ನೂ ಚಿಕ್ಕಣ್ಣನಿಂದಲೇ ಕಲಿತೆ. ಅವನು ಮೇಲಿನ ಸಾಲಿಗೆ ಹೋದ ದಿನ ಅಯ್ಯನವರು ಮರಳ ಸಾಲನ್ನು ನನಗೆ ಒಪ್ಪಿಸಿದರು. ಬೇಡ ಎಂದೆ. ಕಲಿತವನು ಹೇಳಿಕೊಡದೆ ಮುಂದಕ್ಕೆ ಹೋಗುವ ಹಾಗಿಲ್ಲ ಎಂದರು.

ಅದಾದ ಕೆಲವು ದಿನಕ್ಕೆ ಖಾದರ್ ಸಾಬಿ ಬಂದ. ಮೊದಲ ದಿನ ಕಂಬದ ಹಿಂದೆ ನಿಂತಿದ್ದು ಹೋದ. ಎರಡನೆಯ ದಿನವೂ ಹಾಗೇ. ಮಕ್ಕಳು ಹಗ್ಗ ಎಲ್ಲಿದೆ ಎಂದು ಹುಡುಕುತ್ತಿದ್ದರು. ಮೂರನೆಯ ದಿನ ನಾನೇ ಎದ್ದು ಹೋಗಿ ಏನು ಬೇಕೆಂದು ಕೇಳಿದೆ. ಅವನು ಬೀದಿಯ ಕಡೆ ನೋಡುತ್ತ ಹೇಳಿದ.

“ಆವತ್ತು ಕಚೇರೀಲಿ ಎಲ್ಲ ನಕ್ಕರಲ್ಲ ಭಾಯಿ, ನನಗೆ ನಗು ಬರ್ಲಿಲ್ಲ. ನಾನು ದಿನಾ ಕಾಗದ ಒಯ್ತೀನಿ, ಇಲ್ಲಿಂದ ಪಟ್ಣಕ್ಕೆ, ಪಟ್ಣದಿಂದ ಇಲ್ಲಿಗೆ. ಯಾವುದ್ರಲ್ಲಾದ್ರೂ ನನ್ನ ಗರ್ದನ್ ಹೊಡೀರಿ ಅನ್ನೋ ಮಾತೇ ಇದ್ರೂ ಸಲಾಮ್ ಹೊಡೆದು ಕೊಟ್ಬುಟ್ಟು ಬತ್ತೀನಿ.”

ಅಷ್ಟು ಹೇಳಿ ಪೇಟ ಸರಿಮಾಡಿಕೊಂಡ. ನಾಚಿಕೆಯಿಂದ ಅವನ ಕತ್ತು ಕೆಂಪೇರಿತ್ತು. ಬಾ ಎಂದಷ್ಟೇ ಹೇಳಿದೆ. ಇಬ್ಬರು ಮಕ್ಕಳನ್ನು ಆಚೆ ಸರಿಸಿ ಜಾಗ ಮಾಡಿದೆ. ಅವನು ಕತ್ತಿ ಬಿಚ್ಚಿ ಗೋಡೆಗಿಟ್ಟು, ಕಷ್ಟದಿಂದ ಮಂಡಿ ಮಡಚಿ ಕೂತ. ಅಂಗೈಯಿಂದ ಮರಳು ಸವರಿ ಮಟ್ಟಮಾಡಿ ಅವನ ತೋರುಬೆರಳು ಹಿಡಿದೆ. ಮೊದಲ ಅಕ್ಷರದ ಮೊದಲ ಸುತ್ತು ಎಳೆಯುವಾಗ ಅವನು ತಲೆಯೆತ್ತಿ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಜಗಲಿಯ ಉದ್ದಕ್ಕೂ ಕಣ್ಣಾಡಿಸಿದ. ನಾನೂ ನೋಡಿದೆ. ನಮ್ಮ ಕಡೆ ಒಬ್ಬರೂ ನೋಡುತ್ತಿರಲಿಲ್ಲ. ಎಲ್ಲರೂ ಬಗ್ಗಿಕೊಂಡು ಯಾರಿಗೋ ಏನನ್ನೋ ಹೇಳಿಕೊಡುತ್ತಿದ್ದರು.